ಲತೀಫಾಳ ಹೆಸರಿದ್ದ ಸಾಲು

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕೆಂಬುದರಲ್ಲಿ ನನಗೂ ಶಂಕ್ರಮ್ಮನಿಗೂ ಒಮ್ಮತವಿಲ್ಲ. ಶಂಕ್ರಮ್ಮ ಇದರ ಮುಖ್ಯ ಪಾತ್ರ. ಅದಕ್ಕಿಂತ ದೊಡ್ಡ ತೊಂದರೆಯೆಂದರೆ, ಇದನ್ನು ಟೈಪ್ ಮಾಡುತ್ತಿರುವವಳೂ ಅವಳೇ. ಕಲಬುರಗಿಯ ಸೂಪರ್ ಮಾರ್ಕೆಟ್ ಹಿಂದಿನ ಗಲ್ಲಿಯಲ್ಲಿ ಅವಳದೊಂದು ಡಿಟಿಪಿ ಅಂಗಡಿ ಇದೆ. ನನ್ನ ಕೈಬರಹವನ್ನು ಓದಬಲ್ಲವರು ಊರಲ್ಲಿ ಅವಳೊಬ್ಬಳೇ ಆದ್ದರಿಂದ ನನ್ನ ಕಥೆಗಳೆಲ್ಲ ಅಲ್ಲಿಗೇ ಹೋಗುತ್ತವೆ.

ಮೊದಲ ಕರಡು ಹೀಗಿತ್ತು: 'ಪ್ರತಿ ಕಂಪ್ಯೂಟರಿನೊಳಗೂ ಒಂದು ದೇಶವಿದೆ. ಪ್ರತಿ ದೇಶಕ್ಕೂ ಒಂದು ವಿಭಜನೆಯ ದಿನವಿದೆ...'

(ಬರೆದಾಗ ನನಗೆ ಬಹಳ ಹಿಡಿಸಿತ್ತು.)

ಶಂಕ್ರಮ್ಮ ಇಷ್ಟು ಟೈಪ್ ಮಾಡಿ ಕೈ ತೆಗೆದಳು. "ಸರ್, ಇದು ದೇಶ ಒಡದ ಕತಿ ಅಲ್ರಿ. ಹಿಂದೂ-ಮುಸ್ಲಿಂ ಕತಿನೂ ಅಲ್ಲ. ಕಂಪ್ಯೂಟರ್ ಕೆಟ್ಟಿತ್ತು, ನಾನೂ ಲತೀಫಾನೂ ಕೆಟ್ಟೆವು. ಅಷ್ಟ ಬರೀರಿ."

ಆ ಕರಡನ್ನು ಅಲ್ಲಿಗೇ ಬಿಟ್ಟೆ.

೨

ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಶಂಕ್ರಮ್ಮ ಶರಣಸಿರಸಗಿಯ ಒಕ್ಕಲು ಮನೆತನದವಳು. ಲತೀಫಾ ಕಮಲಾಪುರದವಳು, ಅಲ್ಲಿ ಕೆಂಪು ಬಾಳೆಯ ತೋಟ ಮಾಡಿಕೊಂಡಿರುವ ನಬಿಸಾಬನ ಮಗಳು. ಟೈಪಿಂಗ್ ಕ್ಲಾಸಿನಲ್ಲಿ ಅಕ್ಕಪಕ್ಕ ಕೂತವರು, ಇಬ್ಬರ ದುಡ್ಡೂ ಸೇರಿಸಿ ಒಂದು ಕಂಪ್ಯೂಟರ್ ಕೊಂಡು ಒಂದೇ ಅಂಗಡಿ ಹಾಕಿದರು. ಶಂಕ್ರಮ್ಮನದು ಕನ್ನಡದ ಕೆಲಸ, ಲತೀಫಾಳದು ಉರ್ದುವಿನದು. ಮುಂಜಾನೆ ಒಬ್ಬಳು, ಮಧ್ಯಾಹ್ನ ಇನ್ನೊಬ್ಬಳು ಕೂಡುತ್ತಿದ್ದರು.

ಎರಡೂ ಭಾಷೆಯ ಸಾಫ್ಟ್‌ವೇರುಗಳನ್ನು ಒಂದೇ ವಿಂಡೋಸ್‌ನಲ್ಲಿ ಹಾಕಿದಾಗ ಅವು ಒಂದಕ್ಕೊಂದು ಹೊಂದಲಿಲ್ಲ. ಲಗ್ನದ ಕಾರ್ಡಿನಲ್ಲಿ ಮದುಮಗನ ಹೆಸರಿನ ನಡುವೆ ಚೌಕ, ಚುಕ್ಕೆ, ಏನೇನೋ ಮೂಡುತ್ತಿದ್ದವು. ಅದಕ್ಕೆ ಚಂದ್ರಶಾ ಎಂಬ ರಿಪೇರಿಯವನು ಹಾರ್ಡ್ ಡಿಸ್ಕನ್ನು ಎರಡು ಭಾಗ ಮಾಡಿ, ಎರಡರಲ್ಲೂ ಬೇರೆ ಬೇರೆ ವಿಂಡೋಸ್ ಹಾಕಿಕೊಟ್ಟ. ಯಂತ್ರ ಶುರುವಾದೊಡನೆ ಯಾವುದು ಬೇಕೆಂದು ಕೇಳುವ ಕರಿ ಪರದೆಯಲ್ಲಿ, ಕಂಪನಿಯ ಹೆಸರು ಅಳಿಸಿ ಇವರ ಹೆಸರುಗಳನ್ನೇ ಬರೆದ. ಮೇಲಿನ ಸಾಲಿನಲ್ಲಿ ಶಂಕ್ರಮ್ಮ, ಕೆಳಗಿನ ಸಾಲಿನಲ್ಲಿ ಲತೀಫಾ. ಅಂಗಡಿಗೆ ಬಂದವರಿಗೆಲ್ಲ ಅದನ್ನು ತೋರಿಸುತ್ತಿದ್ದರಂತೆ. ನನಗೂ ತೋರಿಸಿದ್ದರು.

೩

೨೦೦೩ರ ಲಗ್ನದ ಸೀಸನ್ನಿನಲ್ಲಿ ಫೋಟೋ ಇರುವ ಕಾರ್ಡಿನ ಹುಚ್ಚು ಹಿಡಿದು ಶಂಕ್ರಮ್ಮನ ಭಾಗ ತುಂಬಿಹೋಯಿತು. ಲತೀಫಾಳ ಭಾಗದಲ್ಲಿ ಬೇಕಾದಷ್ಟು ಜಾಗವಿತ್ತು. ತಾಯಿಗೆ ಆಪರೇಷನ್ ಆಗಿದ್ದರಿಂದ ಅವಳು ಕಮಲಾಪುರದಲ್ಲೇ ಉಳಿದಿದ್ದಳು. ಆಸ್ಪತ್ರೆಯ ಗಡಿಬಿಡಿಯಲ್ಲಿ ಇದನ್ನೇನು ಕೇಳುವುದು, ಬಂದ ಮೇಲೆ ಹೇಳಿದರಾಯಿತು ಎಂದುಕೊಂಡು ಶಂಕ್ರಮ್ಮ ಚಂದ್ರಶಾನನ್ನು ಕರೆಸಿದಳು. ಅವನು ಲತೀಫಾಳ ಭಾಗವನ್ನು ಕುಗ್ಗಿಸಿ, ಎರಡರ ನಡುವೆ ಶಂಕ್ರಮ್ಮನಿಗೆ ಹೊಸದೊಂದು ಭಾಗ ತೆಗೆದುಕೊಟ್ಟ. ಆಮೇಲೆ ಯಂತ್ರ ಶುರುವಾಗಲಿಲ್ಲ. ಅವನು ಸಿಡಿ ಹಾಕಿ ಏನೇನೋ ಮಾಡಿ ಎಬ್ಬಿಸಿದ. ಎದ್ದಿತು. ಕರಿ ಪರದೆ ಕಾಣದೆ ನೇರವಾಗಿ ಶಂಕ್ರಮ್ಮನ ವಿಂಡೋಸ್ ತೆರೆಯಿತು. ಒಂದೇ ಹೆಸರು ಉಳಿದಾಗ ಯಂತ್ರ ಏನನ್ನೂ ಕೇಳುವುದಿಲ್ಲ.

ಲತೀಫಾ ತಿರುಗಿ ಬಂದ ದಿನ ಅವಳ ಜೊತೆ ದರ್ಗಾದ ಹತ್ತಿರದ ರೋಜಾ ಬಡಾವಣೆಯ ಒಬ್ಬ ಲಾಡ್ಜ್ ಮಾಲೀಕನಿದ್ದ. ಉರುಸಿನ ಹೊತ್ತಿಗೆ ಅವನಿಗೆ ಉರ್ದು ಕರಪತ್ರ ಬೇಕಿತ್ತು. ಶಂಕ್ರಮ್ಮ ಪೇಪರ್ ತರಲು ಹೋಗಿದ್ದಳು. ಲತೀಫಾ ಅವನನ್ನು ಕೂಡಿಸಿ, ಇಲ್ಲಿ ನಮ್ಮ ಹೆಸರೇ ಬರುತ್ತದೆ ನೋಡಿ ಎಂದು ಯಂತ್ರ ಶುರು ಮಾಡಿದಳು. ಬರಲಿಲ್ಲ. ಮತ್ತೆ ಶುರು ಮಾಡಿದಳು. ಲಾಡ್ಜಿನವನು ಗಡಿಯಾರ ನೋಡಿದ.

'ಲತೀಫಾಳ ಕಣ್ಣು ತುಂಬಿ ಬಂತು' ಎಂದು ನಾನು ಬರೆದಿದ್ದೆ.

[ಟೈಪ್ ಮಾಡುವವರ ಸೂಚನೆ: ನಾ ಅಷ್ಟರಾಗ ಬಂದಿದ್ದೆ. ಅಕಿ ಅಳಲಿಲ್ಲ. ಛತ್ರಿ ತಗೊಂಡು ಗಿರಾಕಿ ಜೋಡಿ ಹೊರಗ ಹೋದಳು. ಅಂಗಡಿ ಕೀಲಿ ಮೇಜಿನ ಮ್ಯಾಲ ಇಟ್ಟಿದ್ದಳು.]

೪

ಇನ್ನು ರಿಪೇರಿಯ ಭಾಗ. (ಓದುಗರೇ, ಇಲ್ಲಿ ನೀವು ಪುಟ ಹಾರಿಸುತ್ತೀರೆಂದು ಗೊತ್ತು. ಹಾರಿಸಬೇಡಿ, ಚಿಕ್ಕದಿದೆ.)

ಚಂದ್ರಶಾ ಸೊಲ್ಲಾಪುರಕ್ಕೆ ಹೋಗಿದ್ದ. ಶಂಕ್ರಮ್ಮ ಎಸ್‌ಟಿಡಿ ಬೂತಿನಿಂದ ಅವನಿಗೆ ಫೋನು ಹಚ್ಚಿ ಕೇಳಿದಳು. ಲತೀಫಾಳ ಕೆಲಸವೆಲ್ಲ ಡಿಸ್ಕಿನಲ್ಲೇ ಇದೆ, ಏನೂ ಅಳಿಸಿಲ್ಲ, ಯಂತ್ರಕ್ಕೆ ಆ ಭಾಗದ ವಿಳಾಸ ಗೊತ್ತಿಲ್ಲ ಅಷ್ಟೇ ಎಂದ ಅವನು. ಶುರುವಾಗುವಾಗ ಯಂತ್ರ ಓದುವ ಒಂದು ಪುಟ್ಟ ಫೈಲಿದೆ. ಅದರಲ್ಲಿ ಅವಳ ಹೆಸರಿನ ಸಾಲನ್ನು ಮೊದಲಿನಂತೆ ಸೇರಿಸಿದರೆ ಸಾಕು ಎಂದು ಸಾಲನ್ನು ಅಕ್ಷರ ಅಕ್ಷರವಾಗಿ ಬಿಡಿಸಿ ಹೇಳಿದ.

ಶಂಕ್ರಮ್ಮ ಅದನ್ನು ಅಂಗೈಯಲ್ಲಿ ಬರೆದುಕೊಂಡು ಬಂದು ಟೈಪ್ ಮಾಡಿದಳು. ಕರಿ ಪರದೆ ಬಂತು, ಎರಡು ಹೆಸರೂ ಬಂದವು. ಅವಳಿಗೆ ಹೋದ ಜೀವ ಬಂದಂತಾಯಿತು. ಬಾಣದ ಗುಂಡಿ ಒತ್ತಿ ಲತೀಫಾಳ ಹೆಸರಿಗೆ ಇಳಿದು ಎಂಟರ್ ಹೊಡೆದಳು. ಬೇಕಾದ ಫೈಲು ಸಿಗುತ್ತಿಲ್ಲ, ಶುರು ಮಾಡಲಾಗದು ಎಂದಿತು ಯಂತ್ರ.

ಎಲ್ಲ ಹೋಯಿತೆಂದೇ ಅವಳು ತಿಳಿದಳು. ಲತೀಫಾ ಕೂಡಿಸಿಟ್ಟಿದ್ದ ಉರ್ದು ಕಾರ್ಡುಗಳು, ಕರಪತ್ರಗಳು, ಅಷ್ಟು ವರ್ಷದ ಕೆಲಸ. ನೀರು ಕುಡಿದು ಮತ್ತೆ ಬೂತಿಗೆ ಹೋದಳು. ಚಂದ್ರಶಾ ತನ್ನ ತಪ್ಪನ್ನು ತಾನೇ ಹಿಡಿದನಂತೆ. ನಡುವೆ ಹೊಸ ಭಾಗ ಬಂದದ್ದರಿಂದ ಲತೀಫಾಳದು ಈಗ ಎರಡನೆಯದಲ್ಲ, ಮೂರನೆಯದು. ಅಂಕಿ ಬದಲಿಸಬೇಕು.

ಬದಲಿಸಿದಳು. ಈ ಸಲ ತೆರೆಯಿತು, ತೆರೆದು ಪಾಸ್‌ವರ್ಡ್ ಕೇಳಿತು. ಶಂಕ್ರಮ್ಮನಿಗೆ ಅದು ಗೊತ್ತಿರಲಿಲ್ಲ. ಯಂತ್ರ ಬಂದ್ ಮಾಡಿ, ಶಟರ್ ಎಳೆದು, ಕಮಲಾಪುರಕ್ಕೆಂದು ಹುಮನಾಬಾದ್ ಕಡೆಯ ಬಸ್ಸು ಹತ್ತಿದಳು.

ಕಥೆ ಇಲ್ಲಿಗೆ ಮುಗಿಯಬಹುದೆಂದು ನಾನು ಸೂಚಿಸಿದೆ. ಹೆಸರು ಬಂತು, ಬಸ್ಸು ಹೊರಟಿತು, ಕಿಟಕಿಯಾಚೆ ತೊಗರಿ ಹೊಲ. ಶಂಕ್ರಮ್ಮ ಒಪ್ಪಲಿಲ್ಲ. ಒಂದು ಮಾತು ನಿಮಗೆ ಹೇಳಿಲ್ಲ, ಅದು ಬರದಿದ್ದರೆ ಕಥೆ ಸುಳ್ಳಾಗುತ್ತದೆ ಎಂದಳು.

೫

ಆ ಮಾತು ಇದು. ಚಂದ್ರಶಾ ಸಿಡಿ ಹಾಕಿ ಯಂತ್ರವನ್ನು ಎಬ್ಬಿಸುತ್ತಿದ್ದಾಗ, ಪರದೆ ಎರಡೂ ವಿಂಡೋಸ್‌ಗಳನ್ನು ಹುಡುಕಿ ತೋರಿಸಿ, ಒಂದೊಂದನ್ನೂ ಶುರುವಾಗುವ ಪಟ್ಟಿಗೆ ಸೇರಿಸಲೋ ಬೇಡವೋ ಎಂದು ಕೇಳಿತ್ತು. ಮೊದಲನೆಯದನ್ನು ಸೇರಿಸಿ, ಇನ್ನೊಂದನ್ನೂ ಸೇರಿಸಲೇ ಎಂದು ಅವನು ಶಂಕ್ರಮ್ಮನನ್ನು ಕೇಳಿದ್ದ. ಹೊರಗೆ ಮದುಮಗಳ ಕಡೆಯವರು ಕಾರ್ಡಿಗಾಗಿ ನಿಂತಿದ್ದರು. ಸದ್ಯಕ್ಕೆ ನನ್ನದಷ್ಟು ಶುರುವಾದರೆ ಸಾಕು ಎಂದಿದ್ದಳು ಇವಳು.

ನಾನು ಅದನ್ನು ಸ್ವಲ್ಪ ಮೆತ್ತಗೆ ಬರೆಯಲು ನೋಡಿದೆ: 'ಗಡಿಬಿಡಿಯಲ್ಲಿ ಏನು ಹೇಳಿದಳೋ ಅವಳಿಗೇ ತಿಳಿಯಲಿಲ್ಲ.' ಟೈಪ್ ಆಗಿ ಬಂದ ಹಾಳೆಯಲ್ಲಿ ಆ ವಾಕ್ಯ ಇರಲಿಲ್ಲ.

ಕಮಲಾಪುರದಲ್ಲಿ ನಬಿಸಾಬ ಇವಳನ್ನು ಕೂಡಿಸಿ, ಮಗಳನ್ನು ಹೊರಗೆ ಕರೆದು, ತಾನು ತೋಟಕ್ಕೆ ಹೊರಟುಹೋದ. ಶಂಕ್ರಮ್ಮ ಮೊದಲು ಒಳಗೆ ಹೋಗಿ ಲತೀಫಾಳ ತಾಯಿಯನ್ನು ಮಾತಾಡಿಸಿದಳು. ಆಮೇಲೆ ಜಾಗ ತೆಗೆದುಕೊಂಡದ್ದು, ಚಂದ್ರಶಾ ಕೇಳಿದ್ದು, ತಾನು ಹೇಳಿದ್ದು, ಎಲ್ಲವನ್ನೂ ಲತೀಫಾಳಿಗೆ ಬಾಗಿಲಲ್ಲಿ ನಿಂತೇ ಹೇಳಿದಳು. ಕೆಲಸವೇನೂ ಅಳಿಸಿಲ್ಲ ಎಂಬುದನ್ನು ಕೊನೆಗೆ ಹೇಳಿದಳು. ಅದನ್ನೇ ಮೊದಲು ಹೇಳಿದರೆ ಉಳಿದದ್ದನ್ನು ನುಂಗಿಬಿಡುತ್ತೇನೆಂಬ ಹೆದರಿಕೆ ಅವಳಿಗಿತ್ತು.

ಲತೀಫಾ ಕೇಳಿಸಿಕೊಂಡಳು.

"ಜಾಗಾ ಕೇಳಿದ್ರ ಕೊಡ್ತಿದ್ದೆ ಅಕ್ಕಾ," ಅಂದಳು. "ಅಷ್ಟೂ ಕೊಡ್ತಿದ್ದೆ."

"ಗೊತ್ತದ," ಅಂದಳು ಶಂಕ್ರಮ್ಮ. "ಗೊತ್ತಿದ್ದೇ ಕೇಳಲಿಲ್ಲ ನೋಡು."

೬

ಅಂತ್ಯ ಒಂದು: ಮರುದಿನ ಲತೀಫಾ ಮೊದಲ ಬಸ್ಸಿಗೆ ಬಂದು ತನ್ನ ಕುರ್ಚಿಯಲ್ಲಿ ಕೂಡುತ್ತಾಳೆ. (ಓದುಗರಿಗೆ ಸಮಾಧಾನ. ನನಗೆ ನಾಚಿಕೆ.)

ಅಂತ್ಯ ಎರಡು: ಬರುವುದೇ ಇಲ್ಲ. ಕರಿ ಪರದೆಯಲ್ಲಿ ಅವಳ ಹೆಸರು ದಿನಾಲೂ ಕಾಯುತ್ತದೆ. (ಇದನ್ನು ಓದಿ ಶಂಕ್ರಮ್ಮ ನಕ್ಕಳು. ಹೆಸರು ಎಲ್ಲಿ ಕಾಯ್ತದ್ರೀ, ಅದು ಫೈಲು ಎಂದಳು.)

ಆದದ್ದು ಎರಡೂ ಅಲ್ಲ. ನಾಲ್ಕಾರು ದಿನ ಬಿಟ್ಟು ಲತೀಫಾ ಬಂದು, ಲಾಡ್ಜಿನವನ ಕರಪತ್ರ ಮುಗಿಸಿಕೊಟ್ಟು, ತನ್ನ ಫೈಲುಗಳನ್ನೆಲ್ಲ ಸಿಡಿಗೆ ಹಾಕಿಕೊಂಡಳು. ಶಂಕ್ರಮ್ಮ ಪಕ್ಕದಲ್ಲಿ ಕೂತು ಸಿಡಿಗಳ ಮೇಲೆ ಹೆಸರು ಬರೆದುಕೊಟ್ಟಳು. ಆಮೇಲೆ ಲತೀಫಾ ರೋಜಾದಲ್ಲಿ ತನ್ನದೇ ಒಂದು ಖೋಲಿ ಹಿಡಿದಳು. ಒಂದು ಮಗ್ಗುಲಿಗೆ ಕನ್ನಡ, ಇನ್ನೊಂದಕ್ಕೆ ಉರ್ದು ಇರುವ ಕಾರ್ಡು ಬಂದಾಗ ಕನ್ನಡದ್ದನ್ನು ಇಲ್ಲಿಗೆ ತರುತ್ತಾಳೆ. ಕೆಲಸದ ಮಾತಷ್ಟೇ ಆಗುತ್ತದೆ. ಚಹಾ ಬಂದರೆ ಕುಡಿಯುತ್ತಾಳೆ.

೭

ನಿನ್ನೆ ಮಧ್ಯಾಹ್ನ ನಾವು ಮೇಲಿನ ಭಾಗ ಟೈಪ್ ಮಾಡುತ್ತಿದ್ದಾಗ ಲತೀಫಾ ಬಂದಳು. ಕಾರ್ಡಿನ ನಮೂನೆ ಮೇಜಿನ ಮೇಲಿಟ್ಟಳು. ಪರದೆಯ ಮೇಲೆ ತನ್ನ ಹೆಸರು ಕಂಡು, ಅಚ್ಚಾಗಿದ್ದ ಹಾಳೆಗಳನ್ನು ಎತ್ತಿಕೊಂಡು ನಿಂತಲ್ಲೇ ಓದತೊಡಗಿದಳು. ಕಥೆಗಾರನ ಎದುರು ಪಾತ್ರ ಬಂದು ನಿಲ್ಲುವುದು ಪುಸ್ತಕದಲ್ಲಷ್ಟೇ ಚೆನ್ನ.

ಓದಿ ಮುಗಿಸಿ ನನ್ನ ಕಡೆ ತಿರುಗಿದಳು.

"ನೀವೂ ಕೇಳಲಾರದೇ ಬರದೀರಿ ಸರ್."

ಹೆಸರು ಬದಲಿಸುತ್ತೇನೆ, ಊರು ಬದಲಿಸುತ್ತೇನೆ, ಬೇಡವೆಂದರೆ ಹಾಳೆಗಳನ್ನೇ ಹರಿಯುತ್ತೇನೆ ಎಂದೆ. ಹೆಸರಿರಲಿ ಎಂದಳು. ಆದರೆ ಕಮಲಾಪುರದ ಭಾಗದ ಕೊನೆಯಲ್ಲಿ ನಾನು 'ಲತೀಫಾ ಮನಸ್ಸಿನಲ್ಲೇ ಕ್ಷಮಿಸಿದ್ದಳು' ಎಂದು ಒಂದು ಸಾಲು ಬರೆದಿದ್ದೆ. ಅದರ ಮೇಲೆ ಬೆರಳಿಟ್ಟು, ಇದು ನಿಮಗೆ ಹೇಗೆ ಗೊತ್ತು ಎಂದು ಕೇಳಿದಳು. ಆ ಸಾಲು ತೆಗೆದೆ. ಈಗ ನೀವು ಓದಿದ್ದು ಆ ಸಾಲಿಲ್ಲದ ಪಾಠ.

ಹಾಗಾದರೆ ಆವತ್ತು ನಿಮ್ಮ ಮನಸ್ಸಿನಲ್ಲಿ ಏನಿತ್ತು ಎಂದು ಕೇಳಿದೆ. ನನ್ನ ಕಥೆಗೆ ಬೇಕಿತ್ತು.

ಲತೀಫಾ ಹಾಳೆಗಳನ್ನು ಒಟ್ಟುಮಾಡಿ ಮೇಜಿನ ಮೇಲೆ ಇಟ್ಟಳು. "ಅದನ್ನ ಅಕ್ಕನೇ ಇನ್ನಾ ಕೇಳಿಲ್ರಿ," ಅಂದಳು.

ಕೀಲಿಮಣೆಯ ಸದ್ದು ನಿಂತಿತು. ಶಂಕ್ರಮ್ಮ ಎದ್ದು, ಇನ್ನೊಂದು ಕುರ್ಚಿಯ ಮೇಲಿದ್ದ ಪೇಪರಿನ ಕಟ್ಟನ್ನು ನೆಲಕ್ಕಿಳಿಸಿ, ಅದನ್ನು ಸೆರಗಿನಿಂದ ಒರೆಸಿದಳು. ಲತೀಫಾ ಕೂತಳು. ಆಮೇಲೆ ಶಂಕ್ರಮ್ಮ ನನ್ನ ಕಡೆ ನೋಡಿ, "ಸರ್, ನೀವು ಹೊರಗ ಹೋಗಿ ಚಹಾ ಕುಡೀರಿ," ಎಂದಳು.

ಎದುರಿನ ಹೋಟೆಲಿನ ಬೆಂಚಿನ ಮೇಲೆ ಕೂತೆ. ಅಲ್ಲಿಂದ ಅಂಗಡಿಯ ಒಳಗೆ ಕಾಣುತ್ತದೆ, ಆದರೆ ಗಲ್ಲಿಯ ತುಂಬ ಆಟೋಗಳ ಸದ್ದು. ಶಂಕ್ರಮ್ಮ ಏನೋ ಕೇಳಿದಳು. ಲತೀಫಾ ಬಹಳ ಹೊತ್ತು ಮಾತಾಡಿದಳು, ಒಮ್ಮೆ ಶಂಕ್ರಮ್ಮ ಬಾಯಿ ತೆರೆದಾಗ ಕೈ ಎತ್ತಿ ತಡೆದು ಮತ್ತೆ ಮುಂದುವರಿಸಿದಳು. ಶಂಕ್ರಮ್ಮ ಕೇಳುತ್ತ ಕೂತಳು.

ನಾನು ಎರಡನೆಯ ಚಹಾ ಹೇಳಿದೆ.