ಎರಡನೇ ಗೇರಿನ ಹಾಡು

ಡಾಕ್ಟರು ಕಾರಿನಡಿ ಅಂಗಾತ ಮಲಗಿ, ಸ್ಟೆತಾಸ್ಕೋಪಿನ ಬಿಲ್ಲೆಯನ್ನು ಗೇರ್‌ಬಾಕ್ಸಿನ ಹೊಟ್ಟೆಗೆ ಒತ್ತಿ ಹಿಡಿದು, ಎರಡನೇ ಗೇರಿಗೆ ಹಾಕುವಂತೆ ಕೂಗಿದರು. ಮೇಲೆ ಸೀಟಿನಲ್ಲಿ ಕೂತಿದ್ದ ಗ್ಯಾರೇಜಿನ ಯಜಮಾನ ಹಾಕಿದ. ನೆಲ ಬಿಟ್ಟು ಎತ್ತಿ ನಿಲ್ಲಿಸಿದ್ದ ಕಾರಿನ ಹಿಂದಿನ ಚಕ್ರಗಳು ಗಾಳಿಯಲ್ಲಿ ಗಿರ್ರನೆ ತಿರುಗಿದವು. ಆಮೇಲೆ ತಗಡಿನ ಡಬ್ಬಿಗೆ ಮೊಳೆ ತುಂಬಿ ಕುಲುಕಿದಂಥ ಸದ್ದು, ಒಂದು ಟಕ್, ಮತ್ತೆ ಏನೂ ಇಲ್ಲ. ಇಂಜಿನ್ ತನ್ನ ಪಾಡಿಗೆ ಓಡುತ್ತಿತ್ತು. ಚಕ್ರಗಳು ತಮಗೂ ಅದಕ್ಕೂ ಮಾತುಕತೆಯೇ ಇಲ್ಲವೆಂಬಂತೆ ನಿಂತುಬಿಟ್ಟವು. ಡಾಕ್ಟರ ಕನ್ನಡಕದ ಮೇಲೆ ಕಪ್ಪು ಎಣ್ಣೆಯ ಹನಿಯೊಂದು ಬಿತ್ತು.

"ಹೋಯ್ತು," ಎಂದರು, ರೋಗಿಯ ಮನೆಯವರಿಗೆ ಹೇಳುವ ಅದೇ ದನಿಯಲ್ಲಿ.

ಅವರು ಕಿವಿ, ಮೂಗು, ಗಂಟಲಿನ ಡಾಕ್ಟರು. ಮೂಗು, ಗಂಟಲು ಹೊಟ್ಟೆಪಾಡಿಗೆ, ಕಿವಿ ಪ್ರತಿಷ್ಠೆಗೆ. ಹಳೆಯ ಸ್ಪೋರ್ಟ್ಸ್ ಕಾರುಗಳ ಸಂಘದಲ್ಲಿ ಅವರನ್ನು 'ಕಿವಿ' ಎಂದೇ ಕರೆಯುತ್ತಿದ್ದರು. ಯಾವ ಕಾರು ಅಸಲಿ, ಯಾವುದರೊಳಗೆ ಬೆರಕೆ ಸೇರಿದೆ ಎಂಬುದನ್ನು ಅವರು ಬಾನೆಟ್ ಎತ್ತದೆಯೇ ಹೇಳುತ್ತಿದ್ದರು. ಮಾಲೀಕ ಕಾರನ್ನು ಮೈದಾನದ ಸುತ್ತ ಓಡಿಸಬೇಕು, ಡಾಕ್ಟರು ಕಣ್ಣು ಮುಚ್ಚಿ ನಿಲ್ಲಬೇಕು. ಎರಡನೇ ಗೇರು ಹಾಡಬೇಕು ಎಂಬುದು ಅವರ ಸಿದ್ಧಾಂತ. ವೇಗ ಏರಿದಂತೆ ಮೂಗಿನಿಂದ ಹೊರಟು ನೆತ್ತಿಗೇರುವ ಒಂದು ಉದ್ದನೆಯ ಗುಂಯ್ ಅನ್ನುವ ನಾದ. ಅವರ ಸ್ವಂತ ಕಾರು ಹಾಗೆ ಹಾಡುತ್ತಿತ್ತು. ಆದ್ದರಿಂದ ಹಾಡದವು ನಕಲಿ. ಹೀಗೆ ನಪಾಸಾದ ಒಬ್ಬ ನಿವೃತ್ತ ಹೆಡ್‌ಮಾಸ್ತರರು ತಮ್ಮ ಗೇರ್‌ಬಾಕ್ಸನ್ನು ಗುಜರಿಗೆ ಹಾಕಿ, ಎಲ್ಲೆಲ್ಲೋ ಅಲೆದು ಹಾಡುವಂಥದ್ದೊಂದನ್ನು ತಂದು ಕೂರಿಸಿಕೊಂಡು, ಮರುವರ್ಷ ಪಾಸಾಗಿ ಆನಂದಬಾಷ್ಪ ಸುರಿಸಿದ್ದರು.

ಬರುವ ಭಾನುವಾರ ಸಂಘದ ವಾರ್ಷಿಕ ಪ್ರದರ್ಶನ. ಡಾಕ್ಟರನ್ನು ಅವತ್ತು ಮುಖ್ಯ ಪರೀಕ್ಷಕರನ್ನಾಗಿ, ಅದೂ ಜೀವನಪರ್ಯಂತ, ಆರಿಸುವುದೆಂದು ಮಾತಾಗಿತ್ತು. ಅವರು ಕನ್ನಡಿಯ ಮುಂದೆ ನಿಂತು ಬೇಡ ಬೇಡ ಎನ್ನುತ್ತ ಒಪ್ಪಿಕೊಳ್ಳುವುದನ್ನೂ ಅಭ್ಯಾಸ ಮಾಡಿಕೊಂಡಿದ್ದರು. ಇದ್ದದ್ದು ಒಂದೇ ಷರತ್ತು: ಪರೀಕ್ಷಕನ ಕಾರು ಅವತ್ತು ಮೊದಲು ತಾನು ಪಾಸಾಗಬೇಕು.

ಗ್ಯಾರೇಜಿನ ಯಜಮಾನನಿಗೆ ಗ್ಯಾರೇಜು ಎಂದರೆ ಸಿಟ್ಟು, ಸ್ಟುಡಿಯೋ ಎನ್ನಬೇಕು. ಗೋಡೆಯ ಮೇಲೆ ಸ್ಪ್ಯಾನರುಗಳಿಗೆ ಚೌಕಟ್ಟು ಹಾಕಿಸಿ, ಒಂದೊಂದಕ್ಕೂ ದೀಪ ಇಟ್ಟಿದ್ದ. ಬಿಳಿ ಕೈಗವಸು ತೊಟ್ಟು ಅವನು ಗೇರ್‌ಬಾಕ್ಸನ್ನು ಇಳಿಸಿ, ಮೇಜಿನ ಮೇಲಿಟ್ಟು ಮುಚ್ಚಳ ತೆಗೆದ. ಒಳಗೆ ಬೇರಿಂಗೊಂದು ಪುಡಿಯಾಗಿ, ಎರಡನೇ ಗೇರಿನ ಚಕ್ರ ಹಲ್ಲುದುರಿ ಅರ್ಧ ಬೋಳಾಗಿತ್ತು. ಅದೇನೂ ದೊಡ್ಡ ವಿಷಯವಲ್ಲ. ಮುಚ್ಚಳದ ಒಳಮೈಯಲ್ಲಿ ಎರಕದಲ್ಲೇ ಮೂಡಿದ್ದ ಮೂರೆಲೆಯ ಗುರುತು ಮಾತ್ರ ದೊಡ್ಡ ವಿಷಯ. ಆ ಗುರುತನ್ನು ನೋಡದವರೇ ಇರಲಿಲ್ಲ. ಹಿಂದೆಲ್ಲ ಬೆಳಗಾದರೆ ಮನೆಮನೆಗೆ ಬ್ರೆಡ್ ಹಂಚುತ್ತಿದ್ದ ಮೊದ್ದು ವ್ಯಾನುಗಳ ಮೂತಿಯ ಮೇಲೆ ಅದೇ ಇರುತ್ತಿತ್ತು.

ಡಾಕ್ಟರ ಮುಖ ಹುಳ್ಳಗಾಯಿತು. ಇದು ಯಾರ ಕಿವಿಗೂ ಬೀಳಬಾರದು ಎಂದರು ಪಿಸುದನಿಯಲ್ಲಿ.

"ನಾನ್ಯಾಕೆ ಬಾಯಿ ಬಿಡ್ಲಿ ಸಾರ್," ಎಂದ ಯಜಮಾನ. "ಇದು ಅಪ್ಪಟ ಅಸಲಿ ಅಂತ ಸಹಿ ಹಾಕಿ ಕೊಟ್ಟೋನು ನಾನೇ ಅಲ್ವಾ."

ಆಗ ಅವನು ಹೊರಗಿನಿಂದಷ್ಟೇ ಪಾಲಿಶ್ ಮಾಡಿದ್ದನಂತೆ. ಒಳಗೆ ಇಣುಕುವುದು ಅಸಲಿ ಮಾಲಿಗೆ ಅವಮಾನ ಎಂದುಕೊಂಡಿದ್ದನಂತೆ. ಈಗ ಅವನೇ ದಾರಿಯನ್ನೂ ತೋರಿಸಿದ. ಮರಕ್ಕೆ ಗುದ್ದಿ ಮೂಲೆ ಸೇರಿದ ಇದೇ ಮಾದರಿಯ ಕಾರೊಂದು ಅವನ ಗೊತ್ತಿನವರಲ್ಲಿತ್ತು; ಅದರ ಗೇರ್‌ಬಾಕ್ಸನ್ನು ಕಾರ್ಖಾನೆ ಬಿಟ್ಟ ಮೇಲೆ ಯಾರೂ ಬಿಚ್ಚಿರಲಿಲ್ಲ. ಶನಿವಾರದೊಳಗೆ ಕೂರಿಸಿಬಿಡಬಹುದು. ಡಾಕ್ಟರಿಗೆ ಹೋದ ಜೀವ ಬಂತು. ಜೀವ ಬಂದ ಕೂಡಲೇ ನಾಲಿಗೆಯೂ ಬಂತು.

"ಈ ಬ್ರೆಡ್ಡಿನ ಡಬ್ಬಾನ ಗುಜರಿಗೆ ಎಸೀರಿ. ಕಣ್ಣಿಗೆ ಬೀಳಬಾರ್ದು. ದರಿದ್ರದ್ದು."

"ನನ್ನ ಕಾರಿನ ಡಿಕ್ಕಿಗೆ ಹಾಕಿ," ಎಂದಿತು ಬಾಗಿಲ ಕಡೆಯಿಂದ ಒಂದು ದನಿ.

ಡಾಕ್ಟರ ಹೆಂಡತಿ. ಗಂಡನ ಕಾರು ಕೆಟ್ಟಿದೆಯೆಂದು ಕರೆದುಕೊಂಡು ಹೋಗಲು ತನ್ನ ಚಿಕ್ಕ ಕಾರಿನಲ್ಲಿ ಬಂದಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಯಜಮಾನ ಡಾಕ್ಟರ ಮುಖ ನೋಡಿದ, ಆಕೆಯ ಮುಖ ನೋಡಿದ, ಆಮೇಲೆ ಕೈಗವಸು ಬಿಚ್ಚಿ, ಪುಡಿಯಾದ ಚೂರುಗಳ ಸಮೇತ ಎತ್ತಿಕೊಂಡು ಹೋಗಿ ಡಿಕ್ಕಿಯಲ್ಲಿಟ್ಟ.

ದಾರಿಯುದ್ದಕ್ಕೂ ಆಕೆ ರಸ್ತೆ ನೋಡಿಕೊಂಡೇ ಹೇಳಿದಳು. ಆ ಸ್ಪೋರ್ಟ್ಸ್ ಕಾರು ಡಾಕ್ಟರಿಗೆ ಬಂದದ್ದು ಮಾವನಿಂದ, ಅಂದರೆ ಆಕೆಯ ಅಪ್ಪನಿಂದ. ಆದರೆ ಮಾವ ಅದನ್ನು ಓಡಿಸಿದ್ದೇ ಕಡಿಮೆ, ಓಡಿಸುತ್ತಿದ್ದವರು ಅತ್ತೆ, ಆಕೆಯ ಅಮ್ಮ. ಅತ್ತೆಯ ಹೆಗಲಿಗೆ ನೋವು ಬಂತು. ಕಂಪನಿಯ ಗೇರು ಎಷ್ಟು ಬಿಗಿಯೆಂದರೆ, ಎರಡನೇದಕ್ಕೆ ಹಾಕಬೇಕಾದರೆ ಬಾವಿಯಿಂದ ಎಮ್ಮೆ ಎಳೆದಷ್ಟು ಶ್ರಮ. ಅತ್ತೆ ಓಡಿಸುವುದನ್ನೇ ಬಿಡಬೇಕಾದೀತೆಂದು ಮಾವ ಯೋಚಿಸಿದರು. ಬಾಗಿಲು ಬಾಗಿಲಿಗೂ ನಿಂತು ಹೊರಡುವ ವ್ಯಾನಿನ ಗೇರು ಬೆಣ್ಣೆಯಂತಿರಲೇಬೇಕಲ್ಲ ಎಂದು ಹೊಳೆಯಿತು. ತಂದು ಹಾಕಿಸಿಬಿಟ್ಟರು. ಎಲ್ಲಕ್ಕಿಂತ ಕಷ್ಟದ ಕೆಲಸ ಅದನ್ನು ಅಲ್ಲಿ ಹಿಡಿಸುವುದಾಗಿತ್ತಂತೆ; ನೆಲದ ತಗಡನ್ನೇ ಕೊಯ್ಯಬೇಕಾಯಿತಂತೆ. ಚಿಕ್ಕವಳಿದ್ದಾಗ ಹಿಂದಿನ ಸೀಟಿನಲ್ಲಿ ಮಲಗಿ ಆ ಗುಂಯ್ ಸದ್ದಿಗೇ ತಾನು ನಿದ್ದೆ ಹೋಗುತ್ತಿದ್ದುದನ್ನೂ ಆಕೆ ಹೇಳಿದಳು.

ಡಾಕ್ಟರು ಕೇಳಿದ್ದು ಒಂದೇ: ಇಷ್ಟು ವರ್ಷ ಯಾಕೆ ಹೇಳಲಿಲ್ಲ?

"ನೀವು ಆ ಸದ್ದಿನ ಬಗ್ಗೆ ಮಾತು ನಿಲ್ಲಿಸಿದ್ರೆ ಹೇಳೋಣ ಅಂತಿದ್ದೆ."

ಮದುವೆಯಾದಾಗಿನಿಂದ ಆ ಕಾರಿನ ಸ್ಟೀರಿಂಗನ್ನು ಡಾಕ್ಟರು ಆಕೆಯ ಕೈಗೆ ಕೊಟ್ಟಿರಲಿಲ್ಲ. ನಿನ್ನ ಕೈ ಒರಟು, ಗೇರು ನೊಂದುಕೊಳ್ಳುತ್ತೆ ಎನ್ನುತ್ತಿದ್ದರು.

ಶನಿವಾರ ಸಂಜೆ ಹೊಸ ಗೇರ್‌ಬಾಕ್ಸು, ಅಂದರೆ ನಿಜವಾಗಿ ಹಳೆಯದು, ಕಾರಿನಲ್ಲಿ ಕೂತಿತು. ಹಲ್ಲುಕಚ್ಚಿ ಎಳೆದರೆ ಮಾತ್ರ ಎರಡನೇದಕ್ಕೆ ಬೀಳುತ್ತಿತ್ತು. ಭಾನುವಾರ ಮೈದಾನ ಸೇರುವ ಹೊತ್ತಿಗೆ ಡಾಕ್ಟರ ಎಡಹೆಗಲು ಊದಿಕೊಂಡಿತ್ತು. ಇರಲಿ, ಅಸಲಿ ಎಂದರೆ ಸ್ವಲ್ಪ ನೋಯಬೇಕು ಎಂದು ಸಮಾಧಾನ ಮಾಡಿಕೊಂಡರು.

ಅವರ ಕಾರನ್ನು ಅವರೇ ಪರೀಕ್ಷಿಸುವಂತಿಲ್ಲ. ಆ ಕೆಲಸ ಅವರ ಶಿಷ್ಯನದು. ಔಷಧಿ ಅಂಗಡಿಯವನು, ಸಂಘದವರು ಅವನನ್ನು 'ಮರಿಕಿವಿ' ಎನ್ನುತ್ತಿದ್ದರು. ಡಾಕ್ಟರ ಕಾರಿನ ಸದ್ದನ್ನು ಫೋನಿನಲ್ಲಿ ತುಂಬಿಕೊಂಡು ದಿನಾ ಕೇಳಿ ಕೇಳಿಯೇ ಅವನು ಕಲಿತದ್ದು. ಡಾಕ್ಟರು ಮೈದಾನದ ಸುತ್ತ ಕಾರು ಓಡಿಸಿದರು. ಮರಿಕಿವಿ ಕಣ್ಣು ಮುಚ್ಚಿ, ಗದ್ದ ಎತ್ತಿ, ಬೆರಳೊಂದನ್ನು ಗಾಳಿಯಲ್ಲಿ ಹಿಡಿದು ನಿಂತ; ಆ ಬೆರಳೂ ಡಾಕ್ಟರಿಂದಲೇ ಕಲಿತದ್ದು. ಕಾರು ಎರಡನೇ ಗೇರಿಗೆ ಬಿತ್ತು. ಹಾಡಲಿಲ್ಲ. ಒಳ್ಳೆಯ ಮನೆತನದ ಯಂತ್ರದಂತೆ ಬಾಯಿ ಮುಚ್ಚಿಕೊಂಡು ಓಡಿತು.

ಮರಿಕಿವಿಯ ಕಣ್ಣಲ್ಲಿ ನೀರು ಬಂತು.

"ಗುರುಗಳೇ, ಯಾರೋ ನಿಮಗೆ ಟೋಪಿ ಹಾಕಿದ್ದಾರೆ. ಇದು ಅಸಲಿ ಅಲ್ಲ."

ಸುತ್ತ ನಿಂತವರು ಲೊಚಗುಟ್ಟಿದರು. ಹೆಡ್‌ಮಾಸ್ತರರಂತೂ ಬಂದು ಹೆಗಲು ತಟ್ಟಿದರು, ಊದಿಕೊಂಡ ಅದೇ ಹೆಗಲನ್ನು; ಎದೆಗುಂದಬೇಡಿ, ನಾನೂ ಈ ದುಃಖ ಅನುಭವಿಸಿದವನೇ ಎಂದರು. ಡಾಕ್ಟರು ಬಾಯಿ ತೆರೆದರು. ಇದೇ ಅಸಲಿ ಎನ್ನಬೇಕು. ಅಂದರೆ ಹಾಡುವುದೆಲ್ಲ ಬ್ರೆಡ್ ವ್ಯಾನು ಎನ್ನಬೇಕು. ಅಂದರೆ ಮುಂದೆ ನಿಂತಿರುವ ಈ ಸಜ್ಜನರು ಗುಜರಿಗೆ ಹಾಕಿದ್ದು ಏನನ್ನು ಎಂಬುದನ್ನೂ ಹೇಳಬೇಕು. ಹೆಡ್‌ಮಾಸ್ತರರ ಕೈ ಇನ್ನೂ ಹೆಗಲ ಮೇಲಿತ್ತು. ಡಾಕ್ಟರು ಬಾಯಿ ಮುಚ್ಚಿಕೊಂಡರು.

ಸಂಘದ ಅಧ್ಯಕ್ಷರು ದೊಡ್ಡ ಮನಸ್ಸು ಮಾಡಿದರು. ಒಂದು ವಾರ ಕುರ್ಚಿಯನ್ನು ಖಾಲಿ ಇಡುತ್ತೇವೆ, ಕಳೆದುಹೋದ ಅಸಲಿಯನ್ನು ಹುಡುಕಿ ತನ್ನಿ. ಇಲ್ಲದಿದ್ದರೆ ಅದು ಮರಿಕಿವಿಗೆ. ಗ್ಯಾರೇಜಿನ ಯಜಮಾನ ಪಕ್ಕಕ್ಕೆ ಕರೆದು, ಹಳೆಯ ಡಬ್ಬಾಕ್ಕೆ ಒಂದು ಬೇರಿಂಗು, ಒಂದು ಗೇರು ಹಾಕಿದರೆ ಸಾಕು, ಮತ್ತೆ ಹಾಡುತ್ತದೆ, ಮೇಡಂ ಹತ್ತಿರ ಇದೆಯಲ್ಲ, ಇವತ್ತೇ ತಂದುಬಿಡಿ ಎಂದ.

ಡಾಕ್ಟರು ಮನೆಗೆ ಬಂದಾಗ ಹೆಂಡತಿ ಹಿಂದಿನ ವರಾಂಡದಲ್ಲಿ ನೆಲದ ಮೇಲೆ ಕೂತಿದ್ದಳು. ಮುಂದೆ ಹಳೆಯ ಟವೆಲಿನ ಮೇಲೆ ಗೇರ್‌ಬಾಕ್ಸು. ಸೀಮೆಎಣ್ಣೆಯಲ್ಲಿ ಬ್ರಷ್ ಅದ್ದಿ ಅದರ ಸಂದುಗಳಲ್ಲಿ ಕೂತಿದ್ದ ಮಡ್ಡಿಯನ್ನು ತೆಗೆಯುತ್ತಿದ್ದಳು. ಬಹಳಷ್ಟು ಹೊಳಪು ಬಂದಿತ್ತು.

ಡಾಕ್ಟರು ಮೆಟ್ಟಿಲ ಮೇಲೆ ಕೂತರು. ಮೊದಲು ಅದರ ಅಂದವನ್ನು ಹೊಗಳಿದರು. ಆಮೇಲೆ ಅತ್ತೆಯನ್ನು ಹೊಗಳಿದರು. ಮಾವನ ದೂರದೃಷ್ಟಿಗೆ ಬರುವಷ್ಟರಲ್ಲಿ ಆಕೆ ಬ್ರಷ್ ಕೆಳಗಿಟ್ಟು, ವಿಷಯಕ್ಕೆ ಬನ್ನಿ ಎಂದಳು. ಬಂದರು. ರಿಪೇರಿ ಮಾಡಿಸಿ ಮತ್ತೆ ಕಾರಿಗೆ ಹಾಕಿಸೋಣ, ಅದರ ಜಾಗ ಅದೇ ತಾನೇ ಎಂದರು. ಆಕೆ ಮತ್ತೆ ಬ್ರಷ್ ಎತ್ತಿಕೊಂಡಾಗ, ಜೇಬಿನಿಂದ ಕಾರಿನ ಕೀ ತೆಗೆದು ಟವೆಲಿನ ಅಂಚಿನ ಮೇಲಿಟ್ಟರು.

"ಇನ್ಮೇಲೆ ನೀನೇ ಓಡಿಸು. ಬರೋ ಭಾನುವಾರ ಮೈದಾನಕ್ಕೆ ನೀನೇ ಓಡಿಸ್ಕೊಂಡು ಬಾ, ಎಲ್ಲರೂ ನೋಡ್ಲಿ. ಡ್ಯಾಶ್‌ಬೋರ್ಡ್ ಮೇಲೆ ಅತ್ತೆ ಹೆಸರಲ್ಲಿ ಒಂದು ಹಿತ್ತಾಳೆ ಫಲಕ ಹಾಕಿಸ್ತೀನಿ."

"ಏನಂತ ಬರೆಸ್ತೀರಿ?"

"ಅಸಲಿ ಗೇರ್‌ಬಾಕ್ಸನ್ನ ಕಾಪಾಡಿದವರು ಅಂತ."

ಆಕೆ ಕೀಯನ್ನು ಒಮ್ಮೆ ನೋಡಿದಳು. ಸೀಮೆಎಣ್ಣೆಯ ಕೈಯನ್ನು ಬಟ್ಟೆಗೆ ನಿಧಾನವಾಗಿ ಒರೆಸಿಕೊಂಡು, ಅದನ್ನು ಎರಡು ಬೆರಳಲ್ಲಿ ಎತ್ತಿ ಗಂಡನ ಪಕ್ಕದ ಮೆಟ್ಟಿಲ ಮೇಲಿಟ್ಟಳು.

"ಬೇಡ. ಕೀನೂ ಬೇಡ, ಫಲಕಾನೂ ಬೇಡ. ಅಪ್ಪ ಇದನ್ನ ತಂದದ್ದು ಅಮ್ಮನ ಹೆಗಲಿಗೆ, ನಿಮ್ಮ ಕುರ್ಚಿಗಲ್ಲ. ಇದನ್ನ ನಾನು ಕೊಡಲ್ಲ."