ಒರೆಸಿ ತಂದ ಡಬ್ಬ

ಕಂಪ್ಯೂಟರಿಗೆ ಕರೆಂಟು ಹಂಚುವ ಒಂದು ಡಬ್ಬ ಇರುತ್ತದೆ. ಪವರ್ ಸಪ್ಲೈ ಅನ್ನುತ್ತಾರೆ. ಹಿಂದೆ ಒಂದು ಫ್ಯಾನು, ಮೈತುಂಬ ತೂತು, ಹೊಟ್ಟೆಯಿಂದ ಜೋತುಬಿದ್ದ ವೈರುಗಳು. ನನ್ನ ಅಂಗಡಿಯ ಡಬ್ಬ ಒಂದು ಬೆಳಿಗ್ಗೆ, ಯಾರದೋ ಪಿಂಚಣಿ ಅರ್ಜಿ ಅರ್ಧ ಟೈಪಾಗಿದ್ದಾಗ, ಟಪ್ ಎಂದು ಸತ್ತಿತು. ಅರ್ಜಿಯೂ ಹೋಯಿತು. ಅರ್ಜಿ ಬರೆಸುತ್ತಿದ್ದ ಮುದುಕರು ನನ್ನ ಮುಖವನ್ನೊಮ್ಮೆ, ಕಪ್ಪಾದ ಪರದೆಯನ್ನೊಮ್ಮೆ ನೋಡಿ ಎದುರಿನ ಅಂಗಡಿಗೆ ಹೋದರು.

ಅಂಗಡಿ ಎಂದರೆ ತಾಲ್ಲೂಕು ಕಚೇರಿ ಗೇಟಿನ ಪಕ್ಕದ ಕಟ್ಟಡದಲ್ಲಿ, ಮೆಟ್ಟಿಲ ಕೆಳಗಿನ ಜಾಗ. ನೆಟ್ಟಗೆ ನಿಂತರೆ ತಲೆ ತಾಗುತ್ತದೆ. ಹಾಗಾಗಿ ನಾನು ಯಾವಾಗಲೂ ಬಗ್ಗಿಯೇ ಇರುತ್ತೇನೆ. ಗಿರಾಕಿಗಳು ಅದನ್ನು ವಿನಯ ಎಂದುಕೊಂಡಿದ್ದಾರೆ. ನಾನು ಕೆಲಸಕ್ಕಿದ್ದ ಕಾರ್ಖಾನೆ ಮುಚ್ಚಿದ ಮೇಲೆ ನಮ್ಮ ಮನೆಯ ಒಲೆ ಉರಿಯುತ್ತಿರುವುದು ಇದೇ ಮೆಟ್ಟಿಲಿನಿಂದ.

ಕಟ್ಟಡದ ಮಾಲೀಕ ಬಂದು ಇಣುಕಿದ. "ತಿಂಗಳ ಕೊನೆಗೆ ಕಂಪ್ಯೂಟರ್ ಹತ್ತಿ ಬಾಡಿಗೆ ಬರ್ಲಿಲ್ಲ ಅಂದ್ರೆ ಜಾಗ ಬಿಟ್ಬಿಡಿ. ಜ್ಯೂಸ್ ಮೆಷಿನ್ ಇಡ್ತೀನಿ ಅಂತ ಒಬ್ಬ ಕಾಯ್ತಿದಾನೆ," ಅಂದ. ಆ ಜಾಗಕ್ಕೆ ಜ್ಯೂಸ್ ಮೆಷಿನ್ನೇ ಸರಿ. ಅದಕ್ಕೆ ತಲೆಯಿಲ್ಲ, ತಾಗುವುದಿಲ್ಲ.

ಡಬ್ಬಕ್ಕೆ ವಾರಂಟಿ ಇತ್ತು, ಬಿಲ್ಲೂ ಇತ್ತು. ಸುಮ್ಮನೆ ಒಯ್ದು ಕೊಡಬಹುದಿತ್ತು. ಆದರೆ ನಾವು ಪಕ್ಕದ ಮನೆಯ ಪಾತ್ರೆಯನ್ನೂ ತೊಳೆಯದೆ ವಾಪಸು ಕೊಡದ ಜನ. ಡಬ್ಬದ ಮೇಲೆ ರಸ್ತೆಯ ಧೂಳೆಲ್ಲ ಮೆತ್ತಿತ್ತು. ಗಾಜಿನ ಬಾಗಿಲಿನ ಸರ್ವಿಸ್ ಸೆಂಟರಿಗೆ ಇಂಥ ಕೊಳಕು ಸಾಮಾನು ಕೊಡುವುದೆ? ಚಿಂದಿ ಬಟ್ಟೆಯನ್ನು ಸೀಮೆಎಣ್ಣೆಗೆ ಅದ್ದಿಕೊಂಡು ಕೂತೆ. ಕಾರ್ಖಾನೆಯಲ್ಲಿ ಬೇರಿಂಗು ಉಜ್ಜಿ ಪಳಗಿದ ಕೈ.

"ಹೇಗಿದೆಯೋ ಹಾಗೇ ತಗೊಂಡೋಗಿ. ಕೆಟ್ಟಿದ್ದು ಕೆಟ್ಟ ಹಾಗೆ ಕಾಣ್ಲಿ," ಅಂದಳು ಹೆಂಡತಿ.

"ಮರ್ಯಾದೆ ಅಂತ ಒಂದಿರುತ್ತೆ ಕಣೆ," ಎಂದು ರೇಗಿದೆ. ರೇಗುವುದರಲ್ಲಿ ನಮ್ಮ ಮನೆಯಲ್ಲಿ ನನಗೆ ಪೈಪೋಟಿಯಿಲ್ಲ.

ಡಬ್ಬ ಕನ್ನಡಿಯಾಯಿತು. ನಂಬರಿನ ಚೀಟಿ, ಸ್ಕ್ರೂ ಮೇಲೆ ಅಂಟಿಸಿದ್ದ ಸೀಲು, ಎರಡೂ ಚಿಂದಿಗೆ ಮೆತ್ತಿಕೊಂಡು ಬಂದವು. ಅವೂ ಕೊಳೆಯೇ ಎಂದು ಖುಷಿಪಟ್ಟೆ.

ಡಬ್ಬ ಕೊಟ್ಟು ಬಂದ ಕೆಲವು ದಿನಕ್ಕೆ ಫೋನಿಗೆ ಮೆಸೇಜು ಬಂತು: ಸೀಲು, ನಂಬರು ಇಲ್ಲದ ಕಾರಣ ವಾರಂಟಿ ಕ್ಲೇಮು ತಿರಸ್ಕರಿಸಲಾಗಿದೆ. ಗೊತ್ತಿದ್ದ ಬೈಗುಳವನ್ನೆಲ್ಲ ಸಾಲಾಗಿ ಜೋಡಿಸಿಕೊಂಡು, ಸಾಕ್ಷಿಗಿರಲಿ ಎಂದು ಆ ಚಿಂದಿಯನ್ನೂ ಜೇಬಿಗೆ ತುರುಕಿಕೊಂಡು ಹೊರಟೆ. ಬಸ್ಸಿನಲ್ಲಿ ಬೈಗುಳ ಅಭ್ಯಾಸ ಮಾಡಿದೆ. ಪಕ್ಕದಲ್ಲಿದ್ದವರು ಎದ್ದು ಮುಂದೆ ಹೋಗಿ ನಿಂತರು. ಸರ್ವಿಸ್ ಸೆಂಟರಿನ ಬಾಗಿಲು ನನ್ನನ್ನು ನೋಡಿ ತಾನಾಗಿ ತೆರೆದುಕೊಂಡಿತು. ನನಗೆ ಯಾರೂ ಬಾಗಿಲು ತೆರೆದು ಗೊತ್ತಿಲ್ಲವಲ್ಲ, ಅರ್ಧ ಸಿಟ್ಟು ಅಲ್ಲೇ ಇಳಿಯಿತು. ಒಳಗಿನ ತಂಪಿಗೆ ಉಳಿದರ್ಧ. ಕೌಂಟರಿನ ಹುಡುಗಿಯ ಮುಂದೆ ನಿಂತಾಗ ಬಾಯಿಂದ ಬಂದದ್ದು "ನಮಸ್ಕಾರ ಮೇಡಂ".

ಸೀಲಿಲ್ಲ, ನಂಬರಿಲ್ಲ, ಅಂದರೆ ನೀವು ಡಬ್ಬ ಬಿಚ್ಚಿದ್ದೀರಿ ಅಂದಳು. ಬಿಚ್ಚಿಲ್ಲ, ಒರೆಸಿದೆ ಅಂದೆ. ಯಾಕೆ ಒರೆಸಿದಿರಿ ಅಂದಳು. ನಿಮಗೆ ಮರ್ಯಾದೆ ಕೊಡೋಣ ಅಂತ ಎಂದು ಹೇಳುವಷ್ಟರಲ್ಲಿ ಬೆವರಿದೆ. ಚಿಂದಿ ತೆಗೆದು, ಅದಕ್ಕಂಟಿದ್ದ ಚೀಟಿ ತೋರಿಸಿದೆ. ಅವಳು ಮೂಗು ಮುಚ್ಚಿಕೊಂಡಳು.

"ಅಂಕಲ್, ರಿಜೆಕ್ಟ್ ಮಾಡಿದ್ದು ನಾನಲ್ಲ. ಸಿಸ್ಟಂ."

ಡಬ್ಬವನ್ನು ನನ್ನ ಕೈಗಿಟ್ಟಳು. ಥೂ ಮುಟ್ಠಾಳ, ನಿನಗೇ ಆಗಬೇಕು ಎಂದು ನನಗೇ ಬೈದುಕೊಳ್ಳುತ್ತ ಹಿಂದಿನ ಕುರ್ಚಿಯಲ್ಲಿ ಕುಸಿದೆ. ಪಕ್ಕದ ಕುರ್ಚಿಯಲ್ಲಿ ಹೆಂಗಸೊಬ್ಬಳು ಕೂತಿದ್ದಳು, ಫೋಟೋ ಅಂಗಡಿ ನಡೆಸುವವಳಂತೆ.

"ಎಷ್ಟು ಚೊಕ್ಕವಾಗಿ ಇಟ್ಕೊಂಡಿದೀರಣ್ಣ. ನಿಮಗೆ ಹೊಸದು ಕೊಟ್ರಾ?"

"ಚೊಕ್ಕ ಮಾಡಿದ್ದಕ್ಕೇ ಕೊಡಲಿಲ್ಲ ಅಕ್ಕ. ನಿಮಗೆ?"

ಅವಳು ಚೀಲದಿಂದ ತನ್ನದನ್ನು ತೆಗೆದಳು. ಅದೇ ಕಂಪನಿ, ಅದೇ ಡಬ್ಬ. ಸೀಲು, ನಂಬರು ಎಲ್ಲ ಇದ್ದವು. ಒಳಗೆ ಧೂಳಿದೆ, ಸರಿಯಾಗಿ ನೋಡಿಕೊಂಡಿಲ್ಲ ಎಂದು ವಾಪಸು ಕೊಟ್ಟಿದ್ದರಂತೆ.

ನಾನು ಎರಡೂ ಡಬ್ಬಗಳನ್ನು ನೋಡಿದೆ. ಇಷ್ಟು ಹೊತ್ತು ನನ್ನನ್ನೇ ಬೈದುಕೊಂಡಿದ್ದೆಲ್ಲ ದಂಡ. ಒರೆಸದೆ ತಂದಿದ್ದರೂ ಇವರು ಕೊಡುತ್ತಿರಲಿಲ್ಲ. ನನ್ನ ದಡ್ಡತನ ಇವರಿಗೆ ಪುಕ್ಕಟೆ ಸಿಕ್ಕ ನೆಪ, ಅಷ್ಟೆ.

ಇಬ್ಬರೂ ಎದ್ದು ಹೋಗಿ ಡಬ್ಬಗಳನ್ನು ಕೌಂಟರಿನ ಮೇಲೆ ಅಕ್ಕಪಕ್ಕ ಇಟ್ಟೆವು.

"ಧೂಳಿದ್ರೂ ಇಲ್ಲ, ಇಲ್ದಿದ್ರೂ ಇಲ್ಲ. ಎಷ್ಟಿರಬೇಕು ಅಂತ ಹೇಳ್ಬಿಡಮ್ಮ. ಅಷ್ಟೇ ಮೆತ್ಕೊಂಡು ಬರ್ತೀವಿ," ಅಂದೆ.

ಹುಡುಗಿ ಹಿಂದಿನ ಗಾಜಿನ ಕೋಣೆಯತ್ತ ನೋಡಿ ದನಿ ತಗ್ಗಿಸಿದಳು. "ಜಾಸ್ತಿ ಕ್ಲೇಮು ಪಾಸ್ ಮಾಡಿದ್ರೆ ಕೆಲಸದಿಂದ ತೆಗೀತಾರೆ ಅಂಕಲ್. ನನಗಿಂತ ಮುಂಚೆ ಇದ್ದೋಳು ಹಾಗೇ ಹೋಗಿದ್ದು."

ಅವಳಿಗೆಂದು ಜೋಡಿಸಿಕೊಂಡಿದ್ದ ಬೈಗುಳವನ್ನು ಗಾಜಿನ ಕೋಣೆಯವರಿಗೆ ಎತ್ತಿಟ್ಟೆ. "ಹಾಗಾದ್ರೆ ನೀನು ಸುಮ್ನಿರಮ್ಮ. ಒಳಗಿರೋರನ್ನ ಕರಿ."

ಮ್ಯಾನೇಜರು ಬಂದ. ಬಿಳಿ ಅಂಗಿ, ನಗುಮುಖ. ಇದು ಕಂಪನಿಯ ನಿಯಮ, ತಾನೇನೂ ಮಾಡುವಂತಿಲ್ಲ, ಹಿಂದೆ ಬೇರೆ ಗ್ರಾಹಕರು ಕಾಯುತ್ತಿದ್ದಾರೆ ಅಂದ. ನಾವೂ ಹಿಂದೆ ತಿರುಗಿ ನೋಡಿದೆವು. ಆ ಗ್ರಾಹಕರು ಒಬ್ಬೊಬ್ಬರಾಗಿ ಎದ್ದು ಬರುತ್ತಿದ್ದರು. ಒಬ್ಬನದು ತುಕ್ಕು ಎಂದು ವಾಪಸಾದದ್ದು. ಇನ್ನೊಬ್ಬನದು ಸಾಮಾನು ಬಂದ ರಟ್ಟಿನ ಪೆಟ್ಟಿಗೆ ಎಸೆದನೆಂದು. ತಂದದ್ದನ್ನು ನಮ್ಮ ಡಬ್ಬಗಳ ಪಕ್ಕ ಇಟ್ಟರು, ನಿಂತರು.

"ಇದನ್ನೆಲ್ಲ ತೆಗೀರಿ," ಎಂದು ಮ್ಯಾನೇಜರು ಎರಡೂ ಕೈಯಲ್ಲಿ ರಾಶಿಯನ್ನು ನಮ್ಮ ಕಡೆ ನೂಕಿದ. ಅಕ್ಕನ ಡಬ್ಬದ ಧೂಳು ಅವನ ಅಂಗೈಗೆ, ತೋಳಿಗೆಲ್ಲ ಕರ್ರಗೆ ಮೆತ್ತಿತು. ಒರೆಸಿಕೊಳ್ಳಲು ಅತ್ತಿತ್ತ ಏನಾದರೂ ಹುಡುಕಿದ. ನಾನು ಜೇಬಿನಿಂದ ಚಿಂದಿ ತೆಗೆದು ಅವನ ಮುಂದೆ ಹಿಡಿದೆ. ಅವನು ಕೈ ಚಾಚಿದೊಡನೆ ಹಿಂದಕ್ಕೆಳೆದುಕೊಂಡೆ.

"ಒರೆಸ್ಕೋಬೇಡಿ ಸಾರ್. ವಾರಂಟಿ ಹೋಗುತ್ತೆ."

ಮೊದಲು ನಕ್ಕವಳು ಕೌಂಟರಿನ ಹುಡುಗಿ. ತಟ್ಟನೆ ಬಾಯಿ ಮುಚ್ಚಿಕೊಂಡಳು. ಉಳಿದವರು ಮುಚ್ಚಿಕೊಳ್ಳಲಿಲ್ಲ. ಡಬ್ಬಗಳನ್ನೂ ಯಾರೂ ಎತ್ತಿಕೊಳ್ಳಲಿಲ್ಲ.

ಆಗ ಮೇಲೆ ನೋಡಿದೆ. ಆ ಸೆಂಟರಿನ ಸೂರು ಎಷ್ಟೋ ಎತ್ತರದಲ್ಲಿತ್ತು. ಬಂದಾಗಿನಿಂದ ನಾನು ಬಗ್ಗಿಕೊಂಡೇ ನಿಂತಿದ್ದೆ.