ಲಾರಿಗಳ ನಡುವೆ ಒಂದು ಹೆಸರು

ನಮ್ಮ ಮನೆಯವರಿಗೆ ಕಣ್ಣು ಹೋದದ್ದು ಸಕ್ಕರೆ ಕಾಯಿಲೆಯಿಂದ. ಅದಕ್ಕೆ ಮೊದಲು ಸಂಡೂರು ರಸ್ತೆಯ ಒಂದು ವೇಬ್ರಿಡ್ಜಿನಲ್ಲಿ ಅದಿರಿನ ಲಾರಿ ತೂಗಿ, ತೂಕವನ್ನು ಕಂಪ್ಯೂಟರಿಗೆ ಹಾಕುವ ಕೆಲಸ ಅವರದು. ಕಣ್ಣು ಮಂಜಾದ ಮೇಲೆ ಮಾಲೀಕರು ಶಾಲು ಹೊದಿಸಿ ಮನೆಗೆ ಕಳಿಸಿದರು. ಚಿತ್ತವಾಡ್ಗಿಯ ನಮ್ಮ ಕಟ್ಟೆಯ ಮೇಲೆ ಕುಳಿತು, ಹೋಗುವ ಲಾರಿಯ ಸದ್ದು ಕೇಳಿಯೇ "ಇದು ಓವರ್‌ಲೋಡ್ ಐತಿ ನೋಡು" ಎನ್ನುತ್ತಿದ್ದರು.

ಓಣಿಯ ತುದಿಯಲ್ಲಿ ವಿದ್ಯಾಧೀಶ ಎಂಬ ತರುಣರೊಬ್ಬರು ಇಂಟರ್‌ನೆಟ್ ಸೆಂಟರ್ ಇಟ್ಟಿದ್ದರು. ಪರದೆಯ ಮೇಲಿನ ಅಕ್ಷರವನ್ನು ಗಟ್ಟಿಯಾಗಿ ಓದಿ ಹೇಳುವ ಸಾಫ್ಟ್‌ವೇರ್ ಒಂದನ್ನು ಅವರು ನಮ್ಮವರಿಗಾಗಿ ಹುಡುಕಿ ಹಾಕಿಕೊಟ್ಟರು. ಅದನ್ನು ಯಾರೂ ಮಾರುವುದಿಲ್ಲವಂತೆ. ದೇಶದೇಶದವರು ಕೂಲಿ ಇಲ್ಲದೆ ಸೇರಿ ಕಟ್ಟುತ್ತಾರೆ, ತಪ್ಪು ಕಂಡವರು ತಿದ್ದಿ ಕಳಿಸಬಹುದು. ಇಂಗ್ಲಿಷನ್ನು ಅದು ನೀರು ಕುಡಿದಂತೆ ಓದುತ್ತಿತ್ತು. ಕನ್ನಡಕ್ಕೆ ಬಂದರೆ ಮಾತ್ರ ನೆಗಡಿ ಬಂದವರ ದನಿ.

"ಇದಕ್ಕ ಕನ್ನಡ ನಾನ ಕಲಸ್ತೀನಿ" ಎಂದರು ನಮ್ಮವರು.

"ಕಣ್ಣಿಲ್ಲದ ಹೆಂಗ್ರೀ?"

"ಕಿವಿ ನಂದು, ಕಣ್ಣು ನಿಂದು. ರಾತ್ರಿ ಶಾಲಿಗೆ ಹೋಗಿ ಕಲ್ತದ್ದು ಮತ್ಯಾವಾಗ ಕೆಲಸಕ್ಕ ಬರ್ತೈತಲೇ?"

ನಾನು ಓದು ಕಲಿತದ್ದು ಹೆಣ್ಣುಮಕ್ಕಳ ಮದುವೆಯೆಲ್ಲ ಮುಗಿದ ಮೇಲೆ. ಇವತ್ತಿಗೂ ಬೆರಳಿಟ್ಟು, ತಡೆದು ತಡೆದು ಓದುತ್ತೇನೆ. ಆ ಓದೇ ಸಾಕು ಎಂದರು. ಸೆಂಟರಿನಲ್ಲಿ ಕುಳಿತು, ಪರದೆಯ ಮೇಲಿನ ಪದವನ್ನು ಮೊದಲು ನಾನು ಓದಬೇಕು. ಆಮೇಲೆ ಅವರು ಗುಂಡಿ ಒತ್ತುತ್ತಾರೆ, ಯಂತ್ರ ಓದುತ್ತದೆ. ಎರಡೂ ಹೊಂದದಿದ್ದರೆ ಎಲ್ಲಿ ತಪ್ಪಿತೆಂದು ಅವರು ಹೇಳಿದ್ದನ್ನು ವಿದ್ಯಾಧೀಶರು ಇಂಗ್ಲಿಷಿನಲ್ಲಿ ಬರೆದು, ತಮ್ಮದೇ ಮೇಲ್‌ನಿಂದ ಕಳಿಸುತ್ತಿದ್ದರು. "ನೀ ಓದಿದ ಮ್ಯಾಲ ನಾ ಒತ್ತೋದು, ಅದು ಕಾಯ್ದೆ" ಎನ್ನುತ್ತಿದ್ದರು ನಮ್ಮವರು. ಲಾರಿ ಪೂರ್ತಿ ನಿಲ್ಲದೆ ತೂಕದ ಗುಂಡಿ ಮುಟ್ಟದ ಮನುಷ್ಯ.

ಮೊದಲು ಊರುಗಳನ್ನು ಕಲಿಸಿದೆವು. ಕಂಪ್ಲಿ, ಬಂಡ್ರಿ, ಹಂಪಿ. ಆಮೇಲೆ ನಮ್ಮ ಕಡೆಯ ಜನರ ಹೆಸರುಗಳು. ಉಚ್ಚಂಗೆಮ್ಮ ಆಯಿತು, ಎರ್ರೆಪ್ಪ ಆಯಿತು. ಮುಂದಿನದಕ್ಕೆ ಬೆರಳು ಇಟ್ಟವಳು ಸುಮ್ಮನಾದೆ.

"ಯಾಕ ನಿಂತಿ? ಯಾವ ಹೆಸರೈತಿ?"

"ನಿಮ್ದು ಐತ್ರಿ."

ಅವರು ಹೊಟ್ಟೆ ಕುಣಿಸಿ ನಕ್ಕರು. ಗಂಡನ ಹೆಸರು ಬಾಯಲ್ಲಿ ಬಂದರೆ ಅವನ ಆಯುಷ್ಯ ಸವೆಯುತ್ತದೆ ಎಂದು ನಮ್ಮವ್ವ ಹೇಳಿಕೊಟ್ಟಿದ್ದಳು. "ಮದುವ್ಯಾಗೂ ಒಡಪಿನ್ಯಾಗ ನನ್ನ ಹೆಸರು ಹೇಳಂದ್ರ ಗ್ವಾಡಿಗೆ ಮಕ ಮಾಡಿ ನಿಂತಾಕಿ ನೀನು! ಓದು, ಇಲ್ಲಿ ಯಾರದಾರ?"

"ಒಲ್ಲೆ. ನೀವ ಒತ್ತಿಬಿಡ್ರಿ."

"ಕಾಯ್ದೆ ಅಂದ್ರ ಕಾಯ್ದೆ." ಬೆರಳನ್ನು ಗುಂಡಿಯ ಮೇಲಿಟ್ಟು ಬಹಳ ಹೊತ್ತು ಕಾದರು. ಕೊನೆಗೆ ತೆಗೆದರು. "ದಾಟು, ದಾಟು. ನನ್ನ ಹೆಸರು ತಪ್ಪಿದ್ರ ಡ್ಯಾಮೇನು ಒಡೀತೈತಾ? ಆಮ್ಯಾಲ ನೋಡೋಣಂತ."

ಆಮೇಲೆ ಎಂಬುದು ಬರಲಿಲ್ಲ. ಕಿಡ್ನಿ ಕೈಕೊಟ್ಟು, ಶ್ರಾವಣ ಹುಟ್ಟುವ ಮೊದಲೇ ಹೋಗಿಬಿಟ್ಟರು.

ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ ವಿದ್ಯಾಧೀಶರು ಮನೆಗೆ ಬಂದು ಬಾಗಿಲಲ್ಲೇ ನಿಂತರು.

"ಅಮ್ಮಾ, ಆ ಸಾಫ್ಟ್‌ವೇರಿನ ಹೊಸಾದು ನಾಳೆ ಬಿಡ್ತಾರಂತ್ರಿ. ದುಡಿದೋರ ಹೆಸರು ಅದರಾಗ ಹಾಕ್ತಾರ. ಮೇಲ್ ನಂದಿತ್ತಲ್ಲ, ಕನ್ನಡಕ್ಕ ನನ್ನ ಹೆಸರು ಹಾಕ್ಯಾರ. ತಾತ ಮಾಡಿದ್ದು ನನ್ನ ಹೆಸರಿನ್ಯಾಗ ಹೋದ್ರ ಹೆಂಗ್ರಿ? ಇವತ್ತ ಬರೀಬೇಕು. ಆದ್ರ ಓಣ್ಯಾಗ ಎಲ್ಲಾರೂ ವೇಬ್ರಿಡ್ಜ್ ತಾತ ಅಂತಿದ್ರು. ನಂಗ ಪೂರಾ ಹೆಸರ ಗೊತ್ತಿಲ್ಲ."

"ನಡೀರಿ, ಬರದು ಕೊಡ್ತೀನಿ" ಎಂದೆ. ನಮ್ಮವ್ವ ಬಾಯಿಗೆ ಹಾಕಿದ ಕಟ್ಟು ಅದು, ಕೈಗಲ್ಲ.

ಸೆಂಟರಿನಲ್ಲಿ ಅವರು ಕೂರುತ್ತಿದ್ದ ಕುರ್ಚಿಯಲ್ಲಿ ಕುಳಿತು ಒಂದೊಂದೇ ಅಕ್ಷರ ಹುಡುಕಿ ಒತ್ತಿದೆ. ವಿದ್ಯಾಧೀಶರು ಅದನ್ನು ಮೇಲ್‌ಗೆ ಸೇರಿಸಿ, ಯಂತ್ರದಿಂದ ಒಮ್ಮೆ ಓದಿಸಿದರು. ಊರಿನ, ಜನರ ಹೆಸರೆಲ್ಲ ಸರಿಯಾಗಿ ಓದುವ ಆ ದನಿ ಇದೊಂದನ್ನು ನಡುವೆ ಮುರಿದು, ಕೊನೆಯನ್ನು ನುಂಗಿತು. ಯಾರೋ ಗುರುತಿಲ್ಲದವರ ಹೆಸರು ಕೇಳಿದ ಹಾಗಾಯಿತು.

"ಅಯ್ಯ, ಇದ ತಪ್ಪಾತಲ್ರಿ! ಎಲ್ಲಾ ತಿದ್ದಿದೋರು ತಮ್ಮದನ್ನ ಬಿಟ್ಟಾರ" ಎಂದರು. "ಇರ್ರಿ, ಸರಿಯಾಗಿ ಹೇಳಿ ರೆಕಾರ್ಡ್ ಮಾಡಿ ಕಳಸ್ತೀನಿ. ಕೇಳಿ ತಿದ್ದತಾರ." ಫ್ಯಾನ್ ಆರಿಸಿ, ಮೈಕನ್ನು ಬಾಯಿಯ ಹತ್ತಿರ ತಂದುಕೊಂಡರು.

"ತಡೀರಿ" ಎಂದೆ. "ನಾ ಓದಿದ ಮ್ಯಾಲ ಒತ್ತೋದು. ಅದು ಕಾಯ್ದೆ."

ಅವರು ನನ್ನ ಮುಖ ನೋಡಿ, ಮೈಕನ್ನು ಈ ಕಡೆ ತಿರುಗಿಸಿದರು. ಸವೆಯುವುದಕ್ಕೆ ಇನ್ನು ಆಯುಷ್ಯ ಎಲ್ಲಿತ್ತು? ಬೆರಳಿಟ್ಟು ಓದಿದೆ. ಅಷ್ಟರಲ್ಲಿ ಅದಿರಿನ ಲಾರಿಯೊಂದು ಹಾರ್ನ್ ಹೊಡೆಯುತ್ತ ಹೋಗಿ, ನಾನು ಅಂದದ್ದು ನನಗೇ ಕೇಳಿಸಲಿಲ್ಲ.

"ಇನ್ನೊಮ್ಮಿ ಹೇಳಬೇಕಾತ್ರಿ ಅಮ್ಮಾ. ಲಾರಿ ಹೋಗ್ಲಿ."

ಹಿಂದೆ ಮತ್ತೆರಡು ಇದ್ದವು. ಅವೂ ಹೋದವು. ಕೆಂಪು ಧೂಳು ಬಾಗಿಲ ಪರದೆಯ ಮೇಲೆ ಬಂದು ಕೂತಿತು. ಊಟಕ್ಕೆ ಅವರನ್ನು ಕಟ್ಟೆಯಿಂದ ಒಳಗೆ ಕರೆಯುವಷ್ಟು ಗಟ್ಟಿಯಾಗಿ ಹೇಳಿದೆ.

"ಗಾದಿಲಿಂಗಪ್ಪ."

ವಿದ್ಯಾಧೀಶರು ಗುಂಡಿ ಒತ್ತಿ ಅದನ್ನು ತಿರುಗಿ ಕೇಳಿಸಿದರು. ಪೆಟ್ಟಿಗೆಯೊಳಗಿಂದ ಮುದುಕಿಯೊಬ್ಬಳು ತನ್ನ ಗಂಡನನ್ನು ಹೆಸರು ಹಿಡಿದು ಕರೆದಳು.

"ಚಲೋ ಬಂದೈತ್ರಿ" ಎಂದು ಕಳಿಸಿ, ಅವರು ಫ್ಯಾನ್ ಹಾಕಲು ಎದ್ದರು.

"ಒಂಚೂರು ಇರ್ರಿ" ಎಂದೆ.

ಅವರು ಸ್ವಿಚ್ಚಿನ ಹತ್ತಿರವೇ ನಿಂತರು. ಮುಂದಿನ ಲಾರಿ ಬರುವವರೆಗೆ, ಕರೆಗೆ ಓ ಎನ್ನುತ್ತಾರೇನೋ ಎಂಬಂತೆ, ನಾನು ಕಿವಿಗೊಟ್ಟು ಕುಳಿತೆ.